ಸ್ಮಾರ್ಟ್‌ಫೋನಿನ ಆದಿಚರಿತ್ರೆ: ಬಳಸಿದವರ ದೃಷ್ಟಿಯಿಂದ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾತೃವಿನ ಹೆಸರನ್ನೂ ಮಾರುಕಟ್ಟೆಗೆ ಬಂದ ತಾರೀಖನ್ನೂ ನಮೂದಿಸಿ ತೃಪ್ತರಾಗುವುದುಂಟು. ಅವನ್ನು ಹಣ ಕೊಟ್ಟು ಕೊಂಡು, ಜೇಬಿನಲ್ಲಿಟ್ಟು, ದಿನವಹಿ ಬಳಸಿದವರ ಪಾಡೇನಾಯಿತೆಂಬ ಪ್ರಶ್ನೆ ಹಿಂದೆಯೇ ಉಳಿದುಬಿಡುತ್ತದೆ. ಸ್ಮಾರ್ಟ್‌ಫೋನಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ೨೦೦೭ರಲ್ಲಿ ಐಫೋನು ಬಂದಿತು, ಅಲ್ಲಿಂದಲೇ ಯುಗಾರಂಭವಾಯಿತು ಎಂಬ ಮಾತು ರೂಢವಾಗಿದೆ. ಆದರೆ ಅದಕ್ಕೆ ಮುಂಚಿನ ಹದಿಮೂರು ವರ್ಷಗಳಲ್ಲಿ ಈ ಜಾತಿಯ ಯಂತ್ರಗಳನ್ನು ಜನರು ಕೊಂಡಿದ್ದರು, ಮೆಚ್ಚಿದ್ದರು, ಬೈದೂ ಇದ್ದರು. ಆ ಅವಧಿಯನ್ನು ಬಿಟ್ಟು ನೋಡಿದರೆ, ಅನಂತರ ಬಂದುದು ಏಕೆ ಗೆದ್ದಿತೆಂಬುದಾಗಲಿ, ಗೆದ್ದ ಮೇಲೆಯೂ ಕನ್ನಡಿಗನ ಕೈಗೆ ಅದು ಬಹುಕಾಲ ಅರ್ಧ ಮಾತ್ರ ದಕ್ಕಿತೇಕೆಂಬುದಾಗಲಿ ತಿಳಿಯದು.

ಐ.ಬಿ.ಎಂ. ಸಂಸ್ಥೆಯು ೧೯೯೨ರ ನವೆಂಬರಿನಲ್ಲಿ ಲಾಸ್ ವೇಗಸ್ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ ಒಂದು ಮಾದರಿಯನ್ನು ತೋರಿಸಿತು. ಅದೇ ಪರಿಷ್ಕಾರಗೊಂಡು ೧೯೯೪ರ ಆಗಸ್ಟಿನಲ್ಲಿ ಬೆಲ್‌ಸೌತ್ ಎಂಬ ಅಮೆರಿಕದ ದೂರವಾಣಿ ಕಂಪನಿಯ ಮೂಲಕ 'ಸೈಮನ್' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಕರಾರಿನೊಡನೆ ಅದರ ಬೆಲೆ ೮೯೯ ಡಾಲರು. ಮಾತನಾಡುವ ಕೆಲಸವಲ್ಲದೆ ಪಂಚಾಂಗ, ವಿಳಾಸಪುಸ್ತಕ, ಟಿಪ್ಪಣಿ, ಫ್ಯಾಕ್ಸು, ಮಿಂಚಂಚೆ ಎಲ್ಲವೂ ಅದರಲ್ಲಿದ್ದವು. ಗುಂಡಿಗಳ ಬದಲು ಮುಟ್ಟಿದರೆ ಕೆಲಸ ಮಾಡುವ ಪರದೆಯಿತ್ತು. ಕಾಗದದ ಮೇಲೆ ಇದಕ್ಕೆ ಯಾವ ಕೊರತೆಯೂ ಕಾಣದು. ಆದರೆ ಯಂತ್ರದ ತೂಕ ಅರ್ಧ ಕಿಲೋಗ್ರಾಮನ್ನು ಮೀರಿತ್ತು. ಸುಮಾರು ಒಂದು ಗಂಟೆ ಮಾತನಾಡುವುದರೊಳಗೆ ಬ್ಯಾಟರಿ ಬರಿದಾಗುತ್ತಿತ್ತು. ದಿನವೆಲ್ಲ ಜೊತೆಗಿರಬೇಕಾದ ವಸ್ತುವು ಗಂಟೆಗೊಮ್ಮೆ ಗೋಡೆಯ ವಿದ್ಯುತ್ತನ್ನು ಬೇಡಿದರೆ ಅದು ಸಂಚಾರಿ ಎನಿಸಿಕೊಳ್ಳುವುದು ಹೇಗೆ? ಸುಮಾರು ೫೦,೦೦೦ ಯಂತ್ರಗಳು ಮಾರಾಟವಾಗಿ, ೧೯೯೫ರ ಆರಂಭದಲ್ಲಿಯೇ ಸೈಮನ್ ಅಂಗಡಿಗಳಿಂದ ಮರೆಯಾಯಿತು.

ಆದರೂ ಅದರಲ್ಲಿದ್ದ ಒಂದು ಅಂಶವನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಸಣ್ಣ ಪರದೆಯ ಮೇಲೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಬೆರಳಿಗೆ ಸಿಕ್ಕುವಂತೆ ಹರಡುವುದು ಕಷ್ಟವೆಂದರಿತ ನಿರ್ಮಾತೃಗಳು, ಮುಂದೆ ಬರಬಹುದಾದ ಕೆಲವೇ ಅಕ್ಷರಗಳನ್ನು ಊಹಿಸಿ ದೊಡ್ಡದಾಗಿ ತೋರಿಸುವ ಏರ್ಪಾಡನ್ನೂ ಮಾಡಿದ್ದರು. ಬೆರಳು ದೊಡ್ಡದು, ಅಕ್ಷರದ ಮನೆ ಚಿಕ್ಕದು: ಈ ಜಗಳವೇ ಮುಂದಿನ ಇಡೀ ಚರಿತ್ರೆಯನ್ನು ನಡೆಸಿತೆಂದರೆ ಅತ್ಯುಕ್ತಿಯಲ್ಲ.

ಫಿನ್ಲೆಂಡಿನ ನೋಕಿಯಾ ಕಂಪನಿಯು ೧೯೯೬ರಲ್ಲಿ ಹೊರತಂದ ೯೦೦೦ ಕಮ್ಯುನಿಕೇಟರ್ ಈ ಜಗಳವನ್ನು ಬೇರೆ ರೀತಿಯಲ್ಲಿ ಬಗೆಹರಿಸಿತು. ಮುಚ್ಚಿದಾಗ ದಪ್ಪನೆಯ ದೂರವಾಣಿ. ಕನ್ನಡಕದ ಪೆಟ್ಟಿಗೆಯಂತೆ ತೆರೆದರೆ ಒಳಗೆ ಉದ್ದನೆಯ ಪರದೆ, ಪೂರ್ಣ ಕೀಲಿಮಣೆ. ತೂಕ ೩೯೭ ಗ್ರಾಂ. ಮೇಜಿನ ಮೇಲಿಟ್ಟು ಬರೆಯುವವರಿಗೆ ಇದು ಪ್ರಿಯವಾಯಿತು. ನಿಂತು ಒಂದೇ ಕೈಯಲ್ಲಿ ಬಳಸುವವರಿಗೆ ಹೊರೆಯಾಯಿತು.

ಅದೇ ವರ್ಷ ಅಮೆರಿಕದಲ್ಲಿ 'ಪೈಲಟ್' ಬಂದಿತು. ಅದು ದೂರವಾಣಿಯಲ್ಲ, ಕೈಯೊಳಗಿನ ಕಡತ ಮಾತ್ರ. ಆದರೂ ಈ ವಂಶಾವಳಿಯಲ್ಲಿ ಅದಕ್ಕೆ ಸ್ಥಾನವುಂಟು. ಅದರ ಜನಕ ಜೆಫ್ ಹಾಕಿನ್ಸ್ ಯಂತ್ರವನ್ನು ಮಾಡುವುದಕ್ಕೆ ಮುಂಚೆ ಅದೇ ಅಳತೆಯ ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದನು. ಯಾರಾದರೂ ಭೇಟಿಗೆ ದಿನ ಕೇಳಿದರೆ ಆ ಮರವನ್ನು ಹೊರತೆಗೆದು ಅದರ ಮೇಲೆ ಗುರುತುಹಾಕಿಕೊಂಡಂತೆ ನಟಿಸುತ್ತಿದ್ದನು. ನೋಡಿದವರಿಗೆ ಹುಚ್ಚೆನಿಸಿರಬಹುದು. ಆದರೆ ಯಂತ್ರವು ಏನೇನು ಮಾಡಬಲ್ಲದೆಂದು ಕೇಳುವ ಬದಲು ಮನುಷ್ಯನು ಅದನ್ನು ದಿನಕ್ಕೆಷ್ಟು ಸಲ, ಯಾವ ಸಂದರ್ಭದಲ್ಲಿ ಹೊರತೆಗೆಯುತ್ತಾನೆಂದು ಕೇಳಿದವರಲ್ಲಿ ಅವನು ಅಗ್ರಗಣ್ಯನು. ಪೈಲಟ್ಟಿನ ಮೇಲೆ ಬರೆಯಲು 'ಗ್ರಫೀಟಿ' ಎಂಬ ಸಂಕ್ಷಿಪ್ತ ಲಿಪಿಯನ್ನು ಕಲಿಯಬೇಕಾಗಿತ್ತು. ಬಹುತೇಕ ಪ್ರತಿಯೊಂದು ಅಕ್ಷರವನ್ನೂ ಕಡ್ಡಿಯನ್ನೆತ್ತದೆ ಒಂದೇ ಎಳೆತದಲ್ಲಿ ಮುಗಿಸುವ ಲಿಪಿ ಅದು. ಹಳೆಯ ಮೋಡಿ ಕಾಗದಪತ್ರಗಳನ್ನು ನೋಡಿದ ಮುಂಬಯಿ, ಪುಣೆಗಳ ಓದುಗರಿಗೆ ಈ ಉಪಾಯ ತೀರ ಅಪರಿಚಿತವೆನಿಸದು. ಲೇಖನಿಯನ್ನೆತ್ತಿದರೆ ಹೊತ್ತು ಹೋಗುತ್ತದೆಂಬುದು ದಫ್ತರದ ಗುಮಾಸ್ತರಿಗೆ ಎಂದೋ ಗೊತ್ತಿತ್ತು.

'ಸ್ಮಾರ್ಟ್‌ಫೋನ್' ಎಂಬ ಹೆಸರನ್ನೇ ಮುಂದಿಟ್ಟುಕೊಂಡು ಮಾರಾಟಕ್ಕೆ ಬಂದುದು ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಆರ್ ೩೮೦. ಅದು ೨೦೦೦ದ ಮಾತು. ಅಲ್ಲಿಂದ ಏಳು ವರ್ಷಗಳ ಕಾಲ ಹತ್ತಾರು ರೂಪಗಳು ಬಂದು ಹೋದವು. ಕೆನಡಾದ ಬ್ಲ್ಯಾಕ್‌ಬೆರಿಯು ಎರಡು ಹೆಬ್ಬೆರಳುಗಳಿಂದ ಒತ್ತುವ ಕಿರಿಯ ಗುಂಡಿಗಳನ್ನು ತಂದು, ಮಿಂಚಂಚೆಯು ತಾನಾಗಿಯೇ ಬಂದು ಬಾಗಿಲು ತಟ್ಟುವಂತೆ ಮಾಡಿತು. ಆದರೆ ೨೦೦೨ರಲ್ಲಿ ಬಂದ ಅದರ ಮೊದಲ ದೂರವಾಣಿಯಾದ ೫೮೧೦ದಲ್ಲಿ ಮಾತನಾಡಬೇಕಾದರೆ ಕಿವಿಗೆ ತಂತಿಯನ್ನು ಸಿಕ್ಕಿಸಿಕೊಳ್ಳದೆ ಗತ್ಯಂತರವಿರಲಿಲ್ಲ! ಆದರೂ ಜನರು ಬಿಡಲಿಲ್ಲ. ಅಫೀಮಿನಂತಹ ಚಟವೆಂದು ಸೂಚಿಸುವ 'ಕ್ರ್ಯಾಕ್‌ಬೆರಿ' ಎಂಬ ಅಡ್ಡಹೆಸರು ಹುಟ್ಟಿ, ೨೦೦೬ರಲ್ಲಿ ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ಕಾಲೇಜು ನಿಘಂಟಿನವರು ಅದನ್ನು ವರ್ಷದ ಪದವಾಗಿ ಆರಿಸಿದರು. 'ಬ್ಲ್ಯಾಕ್‌ಬೆರಿ ಹೆಬ್ಬೆರಳು' ಎಂಬ ನೋವಿನ ಹೆಸರೂ ಚಾಲ್ತಿಗೆ ಬಂದಿತು.

ನೋಕಿಯಾದ ಎನ್-ಗೇಜ್ ೨೦೦೩ರಲ್ಲಿ ಬಂದಾಗ ಬಳಸಿದವರು ನಗೆಪಾಟಲಾದರು. ಅದನ್ನು ಅಂಚಿನ ಮೇಲೆ ನಿಲ್ಲಿಸಿ ಕೆನ್ನೆಗೆ ಹಿಡಿದು ಮಾತನಾಡಬೇಕು; ಆಟದ ಬಿಲ್ಲೆಯನ್ನು ಬದಲಿಸಲು ಬ್ಯಾಟರಿಯನ್ನೇ ಕಿತ್ತು ತೆಗೆಯಬೇಕು. ನಗುವಷ್ಟಕ್ಕೆ ಮುಗಿಯದ ಸಂಕಟ ಬೇರೆಯ ಕಡೆ ಇತ್ತು. ಮೈಕ್ರೋಸಾಫ್ಟಿನ ಪಾಕೆಟ್ ಪಿ.ಸಿ. ಬಗೆಯ ಯಂತ್ರಗಳಲ್ಲಿ ೨೦೦೫ರವರೆಗೂ ವಿಳಾಸಗಳು, ಟಿಪ್ಪಣಿಗಳು ಮುಖ್ಯವಾಗಿ ಕ್ಷಣಿಕ ಸ್ಮೃತಿಯಲ್ಲಿ ನೆಲಸಿರುತ್ತಿದ್ದವು. ಬ್ಯಾಟರಿ ಪೂರ್ಣ ಬರಿದಾದರೆ ಅವೂ ಅಳಿದುಹೋಗುತ್ತಿದ್ದವು. ರಜೆಗೆ ಹೋಗಿ ಬಂದವನಿಗೆ ಯಂತ್ರವು ಹೊಸದಾಗಿ ಕೊಂಡಂತೆ ಬರಿದಾಗಿ ಎದುರಾಗುವುದು ಅಪರೂಪವಾಗಿರಲಿಲ್ಲ. ಇಂತಹದನ್ನು 'ಚತುರ' ಎಂದು ಕರೆದವರ ಧೈರ್ಯ ದೊಡ್ಡದು.

ಈ ಹಿನ್ನೆಲೆಯಲ್ಲಿ ನೋಡಿದರೆ ೨೦೦೭ರ ಜೂನ್ ೨೯ರಂದು ಮಾರಾಟಕ್ಕೆ ಬಂದ ಐಫೋನಿನ ಗೆಲುವು ಸಾಮಗ್ರಿಯ ಸಮೃದ್ಧಿಯಿಂದ ಬಂದುದಲ್ಲ. ಆಗಿದ್ದ ಎಷ್ಟೋ ದೂರವಾಣಿಗಳು ಮಾಡುತ್ತಿದ್ದುದನ್ನು ಅದು ಮಾಡುತ್ತಿರಲಿಲ್ಲ. ಮೂರನೆಯ ತಲೆಮಾರಿನ ಜಾಲವಿಲ್ಲ. ಬರೆದುದನ್ನು ಒಂದೆಡೆಯಿಂದೆತ್ತಿ ಇನ್ನೊಂದೆಡೆ ಅಂಟಿಸುವ ಸೌಕರ್ಯವು ಬಂದುದು ೨೦೦೯ರಲ್ಲಿ. ಕಿವಿತಂತಿಯ ತೂತು ಎಷ್ಟು ಒಳಗಿತ್ತೆಂದರೆ ಅಂಗಡಿಯ ಸಾಮಾನ್ಯ ತಂತಿಗಳು ಹಲವು ಅದರಲ್ಲಿ ಕೂಡುತ್ತಲೇ ಇರಲಿಲ್ಲ. ಆದರೆ ಬೆರಳಿನ ಜಗಳವನ್ನು ಅದು ಇತ್ಯರ್ಥಮಾಡಿತು. ಗಾಜಿನ ಮೇಲಿನ ಅಕ್ಷರದ ಮನೆಗಳು ಕಣ್ಣಿಗೆ ಒಂದೇ ಅಳತೆಯವು. ಮುಂದೆ ಬರುವ ಸಂಭವ ಹೆಚ್ಚಾಗಿರುವ ಅಕ್ಷರದ ಮನೆಯು ಮಾತ್ರ ಕಾಣದಂತೆ ಹಿಗ್ಗಿ, ತಪ್ಪಿದ ಬೆರಳನ್ನೂ ತನ್ನೊಳಕ್ಕೆ ತೆಗೆದುಕೊಳ್ಳುತ್ತಿತ್ತು. ಸೈಮನ್ ಕಣ್ಣೆದುರಿಗೆ ಮಾಡಿದ ಊಹೆಯನ್ನು ಇದು ಮರೆಯಲ್ಲಿ ಮಾಡಿತು. ಭಾರತದಲ್ಲಿ ಐಫೋನು ೩ಜಿ ೨೦೦೮ರ ಆಗಸ್ಟ್ ೨೨ರಂದು ಬಂದಿತು. ಅಮೆರಿಕದಲ್ಲಿ ಎರಡು ವರ್ಷದ ಕರಾರಿನೊಡನೆ ೧೯೯ ಡಾಲರಿಗೆ ಸಿಕ್ಕುತ್ತಿದ್ದ ಯಂತ್ರಕ್ಕೆ ಇಲ್ಲಿ ೩೧,೦೦೦ ರೂಪಾಯಿ.

ಇಂಗ್ಲಿಷಿಗೆ ಆದ ಈ ಇತ್ಯರ್ಥವು ಕನ್ನಡಕ್ಕೆ ಆಗಲಿಲ್ಲ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಸ್ಥಾನ ದೊರೆತಿತ್ತು. ಅಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆ ಧ್ವನಿಗನುಸಾರವಾಗಿ ಹೊಂದಿಸುವ ಕ್ರಮವನ್ನೂ ಕೆ. ಪಿ. ರಾವ್ ಅವರು ರೂಪಿಸಿದ್ದರು. ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ಅಕ್ಷರಜೋಡಣೆಯ ವಿದ್ಯೆಯೊಡನೆ ಪಳಗಿದ ಕೈ ಅವರದು. ಆದುದರಿಂದ ಕೊರತೆಯಿದ್ದುದು ವಿದ್ಯೆಯದಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ತೆಗೆದುಕೊಳ್ಳಿ. ಯಂತ್ರಕ್ಕೆ ಅದು ಸಕಾರ, ಅರ್ಧಾಕ್ಷರದ ಚಿಹ್ನೆ, ತಕಾರ, ಮತ್ತೆ ಅದೇ ಚಿಹ್ನೆ, ರಕಾರ, ದೀರ್ಘ ಈಕಾರದ ಚಿಹ್ನೆ, ಹೀಗೆ ಆರು ಸಂಕೇತಗಳು. ಇವನ್ನು ಕೂಡಿಸಿ ಒತ್ತಕ್ಷರವಾಗಿ ಮೂಡಿಸುವ ಏರ್ಪಾಡು ಒಳಗಿಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಸಾಲುಗಟ್ಟುತ್ತವೆ. ಲಿಪಿಯೇ ಇಲ್ಲದಿದ್ದರೆ ಖಾಲಿ ಚೌಕಗಳು. ಮೊದಮೊದಲ ಆಂಡ್ರಾಯ್ಡ್ ಯಂತ್ರಗಳಲ್ಲಿ ಕನ್ನಡಿಗರು ಕಂಡುದು ಈ ಚೌಕಗಳನ್ನೇ. ಸಂದೇಶ ಕಳುಹಿಸುವುದರಲ್ಲಿಯೂ ನಷ್ಟ: ಒಂದು ಎಸ್ಸೆಮ್ಮೆಸ್ಸಿನಲ್ಲಿ ರೋಮನ್ ಅಕ್ಷರಗಳು ೧೬೦ ಹಿಡಿದರೆ ಯೂನಿಕೋಡಿನ ಸಂಕೇತಗಳು ೭೦ ಮಾತ್ರ, ಅವುಗಳಲ್ಲಿ ಆರನ್ನು 'ಸ್ತ್ರೀ'ಯೊಬ್ಬಳೇ ನುಂಗುವಳು. ದೂರದ ನಗರದಿಂದ ಊರಿಗೆ ಬರೆಯುವವನು ಕನ್ನಡವನ್ನು ರೋಮನ್ ಲಿಪಿಗಿಳಿಸಿದುದಕ್ಕೆ ಅಭಿಮಾನಶೂನ್ಯತೆಯೊಂದೇ ಕಾರಣವೆಂದು ಬೈಯುವವರು ಈ ಲೆಕ್ಕವನ್ನು ಗಮನಿಸಿದಂತಿಲ್ಲ.

ಬಳಕೆದಾರರು ಸುಮ್ಮನೆಯೂ ಕೂಡಲಿಲ್ಲ. ಒಪೇರಾ ಮಿನಿ ಎಂಬ ಜಾಲವೀಕ್ಷಕದ ವಿಳಾಸದ ಸಾಲಿನಲ್ಲಿ ಒಂದು ಗುಪ್ತ ಆಜ್ಞೆಯನ್ನು ಬರೆದರೆ, ಕ್ಲಿಷ್ಟ ಲಿಪಿಗಳನ್ನು ದೂರದ ಯಂತ್ರವೇ ಚಿತ್ರವಾಗಿ ಬರೆದು ಕಳುಹಿಸುವಂತೆ ಹೊಂದಿಸಬಹುದಾಗಿತ್ತು. ಈ ಉಪಾಯವು ಬಾಯಿಂದ ಬಾಯಿಗೆ ಹಬ್ಬಿ, ಕನ್ನಡ ಪತ್ರಿಕೆಗಳನ್ನು ಜೇಬಿನಲ್ಲಿ ಓದುವುದು ಎಷ್ಟೋ ಜನರಿಗೆ ಸಾಧ್ಯವಾಯಿತು. ಚಿತ್ರವಾದ ಕಾರಣ ಹೆಚ್ಚು ಡೇಟಾ ಖರ್ಚಾಗುತ್ತಿತ್ತು. ಆಂಡ್ರಾಯ್ಡ್ ೪.೧ರಲ್ಲಿ, ಎಂದರೆ ೨೦೧೨ರಲ್ಲಿ, ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಯಂತ್ರದೊಳಗೇ ಆಸರೆ ದೊರೆತು ಚೌಕಗಳು ಕರಗಿದವು. ಐಫೋನಿನ ತಯಾರಕರು ತಮ್ಮ ಸ್ವಂತ ಕನ್ನಡ ಕೀಲಿಮಣೆಯನ್ನು ಕೊಟ್ಟುದು ೨೦೧೭ರಲ್ಲಿ, ಮೊದಲ ಯಂತ್ರವು ಹೊರಬಿದ್ದು ಹತ್ತು ವರ್ಷಗಳು ತುಂಬಿದ ಮೇಲೆ.