ಬಾಗಿನಿಂದ ಲಾನಿಗೆ: ಒಂದು ಹುಲ್ಲುಹಾಸಿನ ಚರಿತ್ರೆ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕೈತೋಟಕ್ಕೆ ಹಾಯಿಸುವಂತಿಲ್ಲ. ತಪ್ಪಿದರೆ 5000 ರೂಪಾಯಿ ದಂಡ. ಆಗ ಮಾರತ್ತಹಳ್ಳಿಯ ಆಸುಪಾಸಿನ ಅನೇಕ ಬಡಾವಣೆಗಳಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು, ಜನ ಟ್ಯಾಂಕರ್‌ಗಾಗಿ ಕಾಯುತ್ತಿದ್ದರು. ಇಷ್ಟಾಗಿಯೂ ಮನೆಯ ಮುಂದಿನ ಅಂಗೈಯಗಲದ ಲಾನ್ ಒಣಗಿದ್ದೇ ದೊಡ್ಡ ನಷ್ಟವೆಂದು ಕೊರಗಿದವರು ಕಡಿಮೆಯಿರಲಿಲ್ಲ. ಹುಲ್ಲಿನ ಮೇಲಿನ ಈ ಮೋಹ ನಮಗೆ ಎಲ್ಲಿಂದ ಬಂತು? ಇದು ಈ ಮಣ್ಣಿನದಂತೂ ಅಲ್ಲ.

ಬೆಂಗಳೂರಿಗೆ 'ಉದ್ಯಾನನಗರಿ' ಎಂಬ ಬಿರುದು ತಂದುಕೊಟ್ಟ ಲಾಲ್‌ಬಾಗ್‌ಗೆ ಹೈದರಾಲಿ ಅಡಿಪಾಯ ಹಾಕಿದ್ದು 1760ರಲ್ಲಿ. ಟಿಪ್ಪು ಅದನ್ನು ಬೆಳೆಸಿದ. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ನಿಯೋಗ ರಾಜಕಾರಣದ ಮಾತಿನ ಜೊತೆಗೆ ಗಿಡ ಮತ್ತು ಬೀಜಗಳನ್ನೂ ಕೇಳಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ. ಚೌಕಾಕಾರದ ಮಡಿಗಳು, ನಡುವೆ ಕಾಲುದಾರಿಗಳು, ದಾರಿಯಂಚಿಗೆ ಸೈಪ್ರೆಸ್ ಮರಗಳು, ಒಂದು ಮಡಿಯ ತುಂಬ ಗುಲಾಬಿಯಾದರೆ ಇನ್ನೊಂದರ ತುಂಬ ದಾಳಿಂಬೆ. ಒಣ ನಾಡಾದುದರಿಂದ ಹೆಚ್ಚುಕಡಿಮೆ ಪ್ರತಿ ಗಿಡಕ್ಕೂ ನೀರು ಕೊಡಬೇಕಾಗುತ್ತದೆ ಎಂಬುದೂ ಅವನ ಕಣ್ಣಿಗೆ ಬಿತ್ತು. ಆ ನೀರನ್ನು ಎತ್ತುಗಳು ಕಪಿಲೆಯಲ್ಲಿ ಎಳೆಯುತ್ತಿದ್ದವು.

ಈ ವರ್ಣನೆಯಲ್ಲಿ ಹುಲ್ಲುಹಾಸಿನ ಸುಳಿವಿಲ್ಲ ಎಂಬುದು ಗಮನಾರ್ಹ. ಪರ್ಷಿಯಾದಿಂದ ಬಂದ ಚಾರ್‌ಬಾಗ್ ಪರಂಪರೆಯಲ್ಲಿ ನೀರು ತುಟ್ಟಿಯಾದ ವಸ್ತು. ಕಾಲುವೆಯಲ್ಲಿ ಹರಿಯುವ ಪ್ರತಿ ಕೊಡ ನೀರೂ ಹಣ್ಣಾಗಿ, ಹೂವಾಗಿ, ನೆರಳಾಗಿ ಹಿಂದಿರುಗಬೇಕು. ಬರಿದೇ ಕತ್ತರಿಸಿ ಎಸೆಯಲೆಂದು ಹುಲ್ಲು ಬೆಳೆಸುವ ಯೋಚನೆ ಮರುಭೂಮಿಯ ಅಂಚಿನಲ್ಲಿ ಹುಟ್ಟಿದ ಆ ತೋಟಗಾರಿಕೆಗೆ ಹೊಳೆಯುವಂಥದಲ್ಲ. ಇಂದು ತಾಜ್‌ಮಹಲಿನ ಎದುರು ನಾವು ಕಾಣುವ ವಿಶಾಲ ಹಸಿರು ಹಾಸು ಕೂಡ ಷಹಜಹಾನನದಲ್ಲ. ವೈಸರಾಯ್ ಲಾರ್ಡ್ ಕರ್ಜನ್ (1899-1905) ಕಾಲದಲ್ಲಿ ಇಂಗ್ಲಿಷ್ ಅಭಿರುಚಿಗೆ ತಕ್ಕಂತೆ ಆದ ಮಾರ್ಪಾಡು ಅದು.

ಲಾನ್ ಹುಟ್ಟಿದ್ದು ವರ್ಷವಿಡೀ ತುಂತುರು ಮಳೆ ಬೀಳುವ, ಬಿಸಿಲೇ ಅಪರೂಪವಾದ ನಾಡಿನಲ್ಲಿ. ಅಲ್ಲಿಯೂ ಅದು ಬಹುಕಾಲ ಜಮೀನುದಾರರ ಸೊತ್ತಾಗಿತ್ತು. ಉಳುವ ನೆಲವನ್ನು ಉಳದೆ ಬಿಡಬಲ್ಲೆ ಎಂಬ ಸಿರಿವಂತಿಕೆಯ ಪ್ರದರ್ಶನ ಅದು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಮಧ್ಯಮ ವರ್ಗದವರ ಮನೆಯಂಗಳಕ್ಕೂ ಇಳಿಯಿತು.

ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಜ್ವರಬಾಧೆಗೆ ಬೇಸತ್ತು 1809ರಲ್ಲಿ ಹಲಸೂರಿನ ಬಳಿ ದಂಡು ಹೂಡಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಇಲ್ಲಿನ ತಂಪು ಅವರಿಗೆ ತವರನ್ನು ನೆನಪಿಸಿತು. ಬಂಗಲೆ, ಬಂಗಲೆಗೊಂದು ಕಾಂಪೌಂಡ್, ಅದರೊಳಗೊಂದು ಲಾನ್. ಮುಂದೆ ಕ್ಲಬ್ಬು, ಗಾಲ್ಫ್, ಪೋಲೋ. ಆದರೆ ಹವೆ ತಂಪೆಂದ ಮಾತ್ರಕ್ಕೆ ಮಳೆ ಇಂಗ್ಲೆಂಡಿನದಾಗುವುದಿಲ್ಲ. ಇಲ್ಲಿ ಡಿಸೆಂಬರಿನಿಂದ ಏಪ್ರಿಲ್ ನಡುವಿನವರೆಗೆ ಆಕಾಶ ಹೆಚ್ಚುಕಡಿಮೆ ಖಾಲಿ. ಆ ಕೊರತೆಯನ್ನು ತುಂಬಿದ್ದು ಮನುಷ್ಯರ ಬೆನ್ನು.

ಅಂದಿನ ದಂಡುಗಳಲ್ಲಿ ಮಾಲಿ ಇದ್ದ, ಕುದುರೆಗೊಬ್ಬನಂತೆ ಹುಲ್ಲು ಕೊಯ್ದು ತರುವ ಗ್ರಾಸ್‌ಕಟರ್ ಇದ್ದ. ನೀರು ಹೊರಲು ಚರ್ಮದ ಮಷಕ್ ಹೊತ್ತ ಭಿಶ್ತಿ, ಎತ್ತಿನ ಮೇಲೆ ತೊಗಲಿನ ಚೀಲ ಹೇರಿಕೊಂಡು ಬರುವ ಪಖಾಲಿ ಇದ್ದರು. ಭಿಶ್ತಿಗಳು ಬಹುತೇಕ ಮುಸ್ಲಿಮರು. ಆ ಹೆಸರಿನ ಮೂಲ 'ಬಿಹಿಶ್ತ್', ಅಂದರೆ ಸ್ವರ್ಗ. ಬಾಯಾರಿದವರಿಗೆ ನೀರುಣಿಸುವವನು ಸ್ವರ್ಗದವನು ಎಂಬ ಗೌರವದಿಂದ ಬಂದದ್ದು. ಹಾಗೆ ಹೆಸರಾದವನ ಮಷಕ್ಕಿನ ನೀರು ಸಾಹೇಬರ ಅಂಗಳದ ಹಸಿರಿಗೂ ಹೋಯಿತು. ನಮ್ಮ ಉದ್ಯಾನಗಳ ಚರಿತ್ರೆಯಲ್ಲಿ ಸೂಪರಿಂಟೆಂಡೆಂಟರ ಹೆಸರುಗಳು ಸಿಗುತ್ತವೆ; ಜಾನ್ ಕ್ಯಾಮರೂನ್, ಕ್ರುಂಬಿಗಲ್ ಅವರಿಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ನೀರು ಹೊತ್ತ ಒಬ್ಬ ಭಿಶ್ತಿಯ ಹೆಸರು, ಮಡಿ ಕಟ್ಟಿದ ಒಬ್ಬ ತಿಗಳನ ಹೆಸರು ಹುಡುಕಿದರೆ ಸಿಗುವುದು ಕಷ್ಟ.

ತಿಗಳರ ಮಾತು ಬಂದಾಗ ಸಂಪಂಗಿ ಕೆರೆಯನ್ನು ಮರೆಯುವಂತಿಲ್ಲ. ಪೇಟೆಗೂ ದಂಡಿಗೂ ನಡುವೆ ಇದ್ದ ಆ ಕೆರೆಯ ನೀರು ಈ ಸಮುದಾಯದ ತರಕಾರಿ ತೋಟಗಳಿಗೆ ಆಧಾರವಾಗಿತ್ತು. ಬೆಳೆಗಾರರಿಗೆ ಕೆರೆ ತುಂಬಿರಬೇಕು. ಪೋಲೋ ಆಡುವವರಿಗೆ ಅದರ ಅಂಗಳ ಒಣಗಿರಬೇಕು. ಯಾರ ಮಾತು ನಡೆಯಿತು ಎಂಬುದಕ್ಕೆ ಅಲ್ಲಿ ಇಂದು ನಿಂತಿರುವ ಕಂಠೀರವ ಕ್ರೀಡಾಂಗಣವೇ ಸಾಕ್ಷಿ.

1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆ ನೀರು ಬಂತು. ಮಷಕ್ ಮರೆಯಾಯಿತು, ಲಾನ್ ಉಳಿಯಿತು. ಎಚ್‌ಎಎಲ್ ಆಚೆಗಿನ ಮಾರತ್ತಹಳ್ಳಿ, ಮುನ್ನೇಕೊಳಾಲ, ಬೆಳ್ಳಂದೂರುಗಳಲ್ಲಿ ರಾಗಿ ಹೊಲ ಮತ್ತು ಕೆರೆಯಂಗಳಗಳ ಮೇಲೆ ಬಡಾವಣೆಗಳೆದ್ದಾಗ, ದಂಡಿನ ಬಂಗಲೆಯ ಆ ಕನಸು ಅಪಾರ್ಟ್‌ಮೆಂಟಿನ ಜಾಹೀರಾತಿಗೆ ಬಂದು ಕುಳಿತಿತು.

ಲೆಕ್ಕ ಸರಳವಾಗಿದೆ. ಬೇಸಗೆಯಲ್ಲಿ ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಹಿಡಿದರೂ, 1000 ಚದರಡಿಯ ಲಾನಿಗೆ ದಿನಕ್ಕೆ 465 ಲೀಟರ್ ಬೇಕು. ನಗರವಾಸಿಯೊಬ್ಬನಿಗೆ ಸರಕಾರಿ ಮಾನದಂಡ ಹೇಳುವುದು ದಿನಕ್ಕೆ 135 ಲೀಟರ್. ಎಂದರೆ ಮೂವರ ಪಾಲನ್ನು ಕುಡಿದೂ ಹುಲ್ಲಿನ ದಾಹ ತೀರುವುದಿಲ್ಲ.

ಹಾಗೆಂದು ಮನೆ ಮುಂದೆ ಹಸಿರೇ ಬೇಡ, ಎಲ್ಲಕ್ಕೂ ಸಿಮೆಂಟು ಬಳಿಯಿರಿ ಎಂದು ನಾವು ಹೇಳುತ್ತಿಲ್ಲ. ಸಿಮೆಂಟು ಮಳೆನೀರನ್ನು ಇಂಗಲೂ ಬಿಡದು. ಈ ಕೆಮ್ಮಣ್ಣಿಗೆ ಒಗ್ಗಿದ ಹುಲ್ಲು ನಮ್ಮ ಕಾಲ ಕೆಳಗೇ ಇದೆ. ಅದು ಗರಿಕೆ. ಗಣೇಶನ ಪೂಜೆಗೂ ಬೇಕಾದ, ಉರ್ದುವಿನಲ್ಲಿ ದೂಬ್ ಎನ್ನುವ ಇದನ್ನೇ ನರ್ಸರಿಯವರು 'ಬರ್ಮುಡಾ' ಎಂಬ ಪರದೇಶದ ಹೆಸರಿಟ್ಟು ಮಾರುವುದೂ ಉಂಟು! ನೆಲವನ್ನು ಒಂದಡಿ ಅಗೆದು, ತುಂಗೆಯ ಗೆಡ್ಡೆಗಳನ್ನು ಒಂದೂ ಉಳಿಯದಂತೆ ಆರಿಸಿ ತೆಗೆಯಬೇಕು. ಈ ಕೆಲಸದಲ್ಲಿ ಸೋಮಾರಿತನ ಮಾಡಿದವರು ವರ್ಷವಿಡೀ ಕಳೆ ಕೀಳುತ್ತಲೇ ಇರಬೇಕಾಗುತ್ತದೆ. ಅನಂತರ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೃಗಶಿರಾ ಮಳೆ ಹಿಡಿದ ಮೇಲೆ ಗಿಣ್ಣುಗಳಿರುವ ಗರಿಕೆಯ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ಊರಿದರೆ ಮಳೆಗಾಲವೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇದಕ್ಕೆ ಬಿಸಿಲು ಬೇಕು; ಕಟ್ಟಡಗಳ ನೆರಳಲ್ಲಿ ಏಳದು. ಅಂಥ ಕಡೆ ಹುಲ್ಲಿನ ಹಟ ಬಿಟ್ಟು, ನೆರಳು ಸಹಿಸುವ ದೊಡ್ಡಪತ್ರೆ, ಒಂದೆಲಗ ಹಾಕುವುದು ಮೇಲು, ಅಡುಗೆಮನೆಗೂ ಒದಗುತ್ತದೆ. ಕೊಯ್ಯುವಾಗ ಬುಡಕ್ಕೆ ಬೋಳಿಸದೆ ಎರಡು ಇಂಚು ಬಿಡಬೇಕು. ಬೇರು ಹಿಡಿದ ಮೇಲೆ ದಿನವೂ ಚಿಮುಕಿಸುವ ಬದಲು ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ಬಟ್ಟೆ ಜಾಲಿಸಿದ ನೀರನ್ನೋ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರನ್ನೋ ಕೊಟ್ಟರೆ ಸಾಕು.

ಮಾರ್ಚಿನಲ್ಲಿ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಸತ್ತಿತೆಂದು ಗಾಬರಿಯಾಗಿ ಪೈಪು ಹಿಡಿಯುವ ಅಗತ್ಯವಿಲ್ಲ. ಬೇರು ಕೆಳಗೆ ಜೀವ ಹಿಡಿದಿರುತ್ತದೆ. ಭರಣಿ ಮಳೆಯ ಒಂದೆರಡು ಹದ ಬಿದ್ದರೆ ವಾರ ಕಳೆಯುವುದರೊಳಗೆ ಮತ್ತೆ ಚಿಗುರುತ್ತದೆ.