ಪದ ಪರಿಚಯ: ಅಹವಾಲು

ಅಹವಾಲು

ಸರ್ಕಾರಿ ಕಚೇರಿಯಲ್ಲಿ ‘ಅಹವಾಲು ಸ್ವೀಕಾರ’ ಎಂದರೆ ಈಗ ಎಲ್ಲರಿಗೂ ದೂರು, ಮನವಿ ಎಂದೇ ಅರ್ಥ. ಆದರೆ ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ, ‘ಅಹ್ವಾಲ್’ ಅದರ ಬಹುವಚನ. ಪಾರಸಿಯ ಮೂಲಕ ಬಂದ ಪದ ಮರಾಠಿಯಲ್ಲಿ ವರದಿಯಾಯಿತು, ಕನ್ನಡದಲ್ಲಿ ಮೊರೆಯಾಯಿತು. ಹಿಂದಿಯ ‘ಹಾಲ್‌ಚಾಲ್’ ಮಾತ್ರ ಇನ್ನೂ ಯೋಗಕ್ಷೇಮವನ್ನೇ ವಿಚಾರಿಸುತ್ತದೆ.

ತಮಿಳುನಾಡಿನ ಕಲೆಕ್ಟರ್ ಕಚೇರಿಗಳಲ್ಲಿ ಕೇಳುವುದು ಜನರ ‘ಕುರೈ’. ಅದು ನಮ್ಮ ‘ಕೊರತೆ’ಯ ಒಡಹುಟ್ಟು, ಮೂಲತಃ ಇಲ್ಲದ್ದನ್ನು ಹೇಳುವ ಪದ. ಅಹವಾಲು ಇರುವುದನ್ನೂ ಹೇಳುತ್ತದೆ. ಜನರ ನಡುವೆ ಕೆಲಸ ಮಾಡುವ ಸಮಾಜಕಾರ್ಯಕರ್ತರಿಗೆ ಬೇಕಾದದ್ದು ಆ ಪೂರ್ತಿ ಸ್ಥಿತಿಯೇ.

ಉದಾಹರಣೆಗೆ, ತಮಿಳುನಾಡಿನ ವಾಲ್ಪಾರೈಯ ಚಹಾ ತೋಟದಲ್ಲಿ ‘ಆನೆ ಕಾಟ’ ಎಂದರೆ ದೂರು. ಸಂಜೆ ಬಸ್ಸಿಳಿದು ಗಿಡಗಳ ನಡುವೆ ಕತ್ತಲಲ್ಲೇ ಕಾರ್ಮಿಕರ ಸಾಲುಮನೆಗೆ (ಲೈನ್ ಮನೆ) ನಡೆಯಬೇಕು, ಆನೆ ಯಾವ ತಿರುವಿನಲ್ಲಿದೆಯೋ ಗೊತ್ತಿಲ್ಲ ಎಂದರೆ ಅಹವಾಲು. ಅಲ್ಲಿನ ಹೆಚ್ಚಿನ ಸಾವುಗಳು ಆನೆಯ ಸುಳಿವು ಸಿಗದೆ ಆದವು ಎಂಬುದನ್ನು ವನ್ಯಜೀವಿ ಸಂರಕ್ಷಣಾ ಸಂಸ್ಥೆಯಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ಗುರುತಿಸಿದರು. ಮೊಬೈಲ್ ಸಂದೇಶ, ಕೆಂಪು ದೀಪಗಳ ಎಚ್ಚರಿಕೆ ಬಂದದ್ದು ಆಮೇಲೆ.

ಅರ್ಜಿ ನಮೂನೆಗಳಲ್ಲಿ ‘ಅಹವಾಲು’ ಎಂಬ ಪದದ ಮುಂದೆ ಎರಡೇ ಗೆರೆ ಜಾಗ ಬಿಟ್ಟಿರುವುದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.