ಪಟ್ಟಿಗೆ ಸಿಗದ ಮಕ್ಕಳು: 2003ರ ಪೋಲಿಯೊ ಮರುಕಳಿಕೆ ಮತ್ತು ಬೆಂಗಳೂರಿನ ಅಂಚಿನ ಅರಿಶಿನಕುಂಟೆ

2001 ಮತ್ತು 2002ರಲ್ಲಿ ಕರ್ನಾಟಕದಲ್ಲಿ ಒಂದೂ ಪೋಲಿಯೊ ಪ್ರಕರಣ ದಾಖಲಾಗಲಿಲ್ಲ. 2003ರಲ್ಲಿ 36 ಮಕ್ಕಳು ರೋಗಕ್ಕೆ ತುತ್ತಾದರು; ಆ ವರ್ಷ ದೇಶದ ಒಟ್ಟು ಪ್ರಕರಣ 225. ಸೋಂಕು ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕೈಕಾಲಿನ ಸ್ವಾಧೀನ ತಪ್ಪುತ್ತದೆ. ಹಾಗಾಗಿ ಆ 36 ಮಕ್ಕಳ ಹಿಂದೆ, ಯಾವ ಲಕ್ಷಣವೂ ಕಾಣದೆ ವೈರಾಣುವನ್ನು ಹೊತ್ತು ತಿರುಗಿದ ಸಾವಿರಾರು ಜನರಿದ್ದರು. ಹಿಂದಿನ ವರ್ಷ ಉತ್ತರ ಭಾರತದಲ್ಲಿ ಉಲ್ಬಣಿಸಿದ್ದ ರೋಗ ಜನರ ಓಡಾಟದೊಂದಿಗೆ ದಕ್ಷಿಣಕ್ಕೂ ಇಳಿದಿತ್ತು. ಓಡಾಡುವ ಕುಟುಂಬಗಳ ಲೆಕ್ಕ ಇಡಲಾಗದ ಆಡಳಿತದ ದೌರ್ಬಲ್ಯವನ್ನು ಈ ಮರುಕಳಿಕೆ ಬಯಲಿಗೆಳೆಯಿತು ಎಂಬುದು ನನ್ನ ವಾದ.

ಸಾಮೂಹಿಕ ಲಸಿಕೆಗೂ ಮೊದಲು ಬೆಂಗಳೂರು ಈ ರೋಗವನ್ನು ಎದುರಿಸಿದ್ದು ಬೇರೆ ಬಗೆಯಲ್ಲಿ. ಸ್ವತಃ ಪೋಲಿಯೊಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, ಶಿಕ್ಷಣ ಮತ್ತು ದುಡಿಮೆಯ ದಾರಿ ತೆರೆಯಿತು. ಇದು ನಗರದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಪಡೆಯಬೇಕಾದ ಕೆಲಸ. ರೋಗವನ್ನೇ ನಿರ್ಮೂಲ ಮಾಡುವ ಸಾಮೂಹಿಕ ಯತ್ನ ಬಂದದ್ದು 1995ರ ಪಲ್ಸ್ ಪೋಲಿಯೊದೊಂದಿಗೆ.

ಆ ಯತ್ನದ ಪಟ್ಟಿಗೆ ಮಕ್ಕಳು ಹೇಗೆ ಸಿಗದೆ ಹೋಗುತ್ತಾರೆ ಎಂಬುದಕ್ಕೆ ಬೆಂಗಳೂರಿನ ಅಂಚಿನ ಒಂದು ಊರು ಉದಾಹರಣೆ. ನೆಲಮಂಗಲಕ್ಕೆ ಅಂಟಿಕೊಂಡ ಅರಿಶಿನಕುಂಟೆ ತುಮಕೂರು ಹೆದ್ದಾರಿಯ ಮೇಲಿದೆ. ಹಾಸನ, ಮಂಗಳೂರಿನ ದಾರಿ ಕವಲೊಡೆಯುವುದೂ ಇಲ್ಲೇ ಹತ್ತಿರದಲ್ಲಿ. ಹೊಲವಿದ್ದ ಕಡೆ ಗೋದಾಮು, ಕಾರ್ಖಾನೆ, ಬಡಾವಣೆ ಎದ್ದಿವೆ. ಕಟ್ಟಡದ ಕೂಲಿಗೆ ಬಂದವರು ಶೀಟಿನ ಶೆಡ್ಡಿನಲ್ಲಿ ಇರುತ್ತಾರೆ. ಕೆಲಸ ಮುಗಿದರೆ ಸಂಸಾರವೂ ಮುಂದಿನ ಊರಿಗೆ. ಅಂಗನವಾಡಿಯ ರಿಜಿಸ್ಟರಿಗೆ ಹೆಸರು ಹತ್ತುವ ಹೊತ್ತಿಗೆ ಮಗು ಅಲ್ಲಿರುವುದಿಲ್ಲ. ಇಂಥ ಊರುಗಳಲ್ಲಿ ಭಾನುವಾರದ ಪಲ್ಸ್ ಪೋಲಿಯೊ ಬೂತು ಎಷ್ಟು ಚೆನ್ನಾಗಿ ನಡೆದರೂ ಸಾಲದು.

ಆದ್ದರಿಂದಲೇ ಮರುದಿನದಿಂದ ನಡೆಯುವ ಮನೆ ಭೇಟಿಯನ್ನು ನಾನು ಈ ಕಾರ್ಯಕ್ರಮದ ಜೀವಾಳ ಎನ್ನುತ್ತೇನೆ. ಕಾರ್ಯಕರ್ತೆ ಮೊದಲು ನೋಡುವುದು ಮಗುವಿನ ಎಡಗೈ ಕಿರುಬೆರಳನ್ನು. ಹನಿ ಹಾಕಿದ್ದಕ್ಕೆ ಹಚ್ಚುವ ಶಾಯಿಯ ಗುರುತಿಲ್ಲದಿದ್ದರೆ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಿಂದ ಸೀಸೆ ತೆಗೆದು, ಅದರ ಮೇಲಿನ ಚೌಕವನ್ನು ಪರೀಕ್ಷಿಸುತ್ತಾಳೆ. ಚೌಕದ ಬಣ್ಣ ಸುತ್ತಲಿನ ವೃತ್ತದಷ್ಟೇ ಗಾಢವಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿದೆ ಎಂದರ್ಥ. ಸರಿಯಿದ್ದರೆ ಎರಡು ಹನಿ. ಇದರ ಜೊತೆಗೇ ಇನ್ನೊಂದು ಕಣ್ಗಾವಲು: 15 ವರ್ಷದೊಳಗಿನ ಯಾವ ಮಗುವಿಗೆ ದಿಢೀರನೆ ಕೈಕಾಲು ಸೋತರೂ ಎರಡು ಮಲದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ಏಕೆಂದರೆ ವೈರಾಣು ಬೆಳೆಯುವುದು ಕರುಳಿನಲ್ಲಿ.

2004ರಲ್ಲಿ ರಾಜ್ಯದಲ್ಲಿ ಒಂದೇ ಪ್ರಕರಣ ಕಂಡಿತು, 2007ರಲ್ಲಿ ಮತ್ತೊಂದು. ದೇಶದ ಕೊನೆಯದು 2011ರ ಜನವರಿ 13ರಂದು ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಇದೆ. ಹಾಗಾಗಿ ಲಸಿಕೆಯ ಪ್ರತಿ ಸುತ್ತಿಗೂ ಮುನ್ನ ಹೆದ್ದಾರಿ ಬದಿಯ ಶೆಡ್ಡುಗಳ ಪಟ್ಟಿಯನ್ನು ಹೊಸದಾಗಿ ಬರೆಯಬೇಕು. ಹಳೆಯ ಪಟ್ಟಿಯ ನಕಲು ನಡೆಯದು.